ಗಾಳಿ ಹಿಡಿಯುವ ಗಾಡಿ

ನಾನು ನೌಕರಿಯಲ್ಲಿದ್ದಷ್ಟು ಕಾಲ ನನ್ನ ಸುಪರ್ದಿಗೆ ಬಂದ ಸರಕಾರಿ ಸ್ವತ್ತುಗಳಲ್ಲಿ ಅತ್ಯಂತ ಘನವಾದದ್ದು ಒಂದು ವ್ಯಾನು. ಅದು ಹುಟ್ಟಿದ್ದು ಲೋಕಕಲ್ಯಾಣಕ್ಕಲ್ಲ, ವಿಹಾರಕ್ಕೆ. ನಮ್ಮ ಇಲಾಖೆಯ ಒಬ್ಬ ದೊಡ್ಡ ಸಾಹೇಬರಿಗೆ ಸಂಸಾರಸಮೇತ ಟೂರು ಹೋಗುವ ಹಂಬಲವಿತ್ತು. ಅದಕ್ಕೆಂದು ಒಳಗೆ ಮಲಗಲು ಎರಡು ಹಲಗೆ, ಮಡಚುವ ಮೇಜು, ಸ್ಟೋವು ಇಡಲೊಂದು ಗೂಡು, ನೀರಿನ ಟಾಕಿ, ಕಿಟಕಿಗಳಿಗೆ ಗುಲಾಬಿ ಹೂವಿನ ಪರದೆ ಎಲ್ಲವನ್ನೂ ಹಾಕಿಸಿ ಕಟ್ಟಿಸಿದರು. ಗಾಡಿ ರಾಯಚೂರಿಗೆ ಬಂದು ನಿಲ್ಲುವುದಕ್ಕೂ ಸಾಹೇಬರಿಗೆ ವರ್ಗವಾಗುವುದಕ್ಕೂ ಸರಿಹೋಯಿತು. ಹೂವಿನ ಪರದೆಯ ಗಾಡಿಯಿಂದ ಸರಕಾರಕ್ಕೆ ಏನು ಉಪಯೋಗವೆಂದು ಇಲಾಖೆ ಗಂಭೀರವಾಗಿ ಚಿಂತಿಸಿ, ಕೊನೆಗೆ ಒಳಗೊಂದು ಟೀವಿ ಇಟ್ಟು, ಬೆನ್ನಿಗೊಂದು ಆಂಟೆನಾ ಕಂಬ ಕಟ್ಟಿ, ಒಂದು ಮಗ್ಗುಲಿಗೆ ‘ಸಂಚಾರಿ ಜನಶಿಕ್ಷಣ ವಾಹನ’ ಎಂದೂ ಇನ್ನೊಂದು ಮಗ್ಗುಲಿಗೆ ‘ಮೂಢನಂಬಿಕೆ ಬಿಡಿ, ವಿಜ್ಞಾನ ನಂಬಿ’ ಎಂದೂ ಬಣ್ಣದಲ್ಲಿ ಬರೆಸಿತು. ಹಳ್ಳಿಯ ಜನ ಎರಡನ್ನೂ ಓದುವ ಗೋಜಿಗೆ ಹೋಗದೆ, ಹಾಸಿಗೆ ಸ್ಟೋವು ನೋಡಿ, ‘ಮನಿಗಾಡಿ’ ಎಂದು ಕರೆದರು.

ಎಂಬತ್ತರ ದಶಕದ ನಡುವಿನ ಮಾತು. ರಾಯಚೂರಿಗೆ ಟೀವಿ ಬಂದ ಹೊಸತು. ಊರಿನ ಮಾಳಿಗೆಗಳ ಮೇಲೆ ಮೀನಿನ ಎಲುಬಿನಂಥ ಆಂಟೆನಾಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಊರು ಬಿಟ್ಟು ಹೊರಟರೆ ಚಿತ್ರದ ಗತಿ ಬೇರೆ. ಕಲ್ಲೂರಿನವರೆಗೆ ಮನುಷ್ಯರು ಮನುಷ್ಯರಂತೆಯೇ ಕಾಣುತ್ತಿದ್ದರು. ಮಾನ್ವಿಯಲ್ಲಿ ಅವರ ಮೇಲೆ ಅಕ್ಕಿನುಚ್ಚು ಎರಚಿದಂತಾಗುತ್ತಿತ್ತು. ಪೋತ್ನಾಳಕ್ಕೆ ಹೋದರೆ ನುಚ್ಚು ಉಳಿದು ಮನುಷ್ಯರು ಇಲ್ಲವಾಗುತ್ತಿದ್ದರು. ದೇವದುರ್ಗದ ಕಡೆ, ಬಂಡೆಗುಡ್ಡಗಳ ಸಂದಿಯಲ್ಲಿ, ಏನು ಕಂಡೀತೆಂದು ಮೊದಲೇ ಹೇಳುವ ಧೈರ್ಯ ನನಗಿರಲಿಲ್ಲ.

ಗಾಡಿಗೆ ನಾವಿಬ್ಬರೇ. ನಾನು ಮತ್ತು ಡ್ರೈವರು. ಡ್ರೈವರು ನನಗಿಂತ ಬಹಳ ಹಿರಿಯರು, ಮೆಹಂದಿ ಹಚ್ಚಿದ ಗಡ್ಡದವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು, ಆದರೆ ಅದರಲ್ಲಿ ಮರ್ಯಾದೆಗಿಂತ ಕನಿಕರ ಹೆಚ್ಚಿತ್ತು. ಪ್ರತಿ ಊರಲ್ಲೂ ನಮ್ಮ ಪೂಜಾವಿಧಿ ಒಂದೇ. ಚಾಚಾ ಗಾಡಿಯ ನೆತ್ತಿಗೇರಿ ಕಂಬವನ್ನು ತಿರುಗಿಸುವುದು, ನಾನು ಕೆಳಗೆ ಟೀವಿಯ ಮುಂದೆ ನಿಂತು ವರದಿ ಒಪ್ಪಿಸುವುದು.

“ಬಂತೇನ್ರೀ?”

“ಇಲ್ರಿ ಚಾಚಾ.”

“ಈಗ?”

“ಬಂತು, ಬಂತು! ಹೋತು.”

“ಈಗರ ಬಂತೇನ್ರೀ?”

ಆ ಕಾಲದಲ್ಲಿ ಟೀವಿ ಇದ್ದ ಮನೆಯವರೆಲ್ಲ ಈ ಮಂತ್ರವನ್ನು ಬಲ್ಲರು. ಆದರೆ ಹಳ್ಳಿಯಲ್ಲಿ ಇದೇ ಮಂತ್ರಕ್ಕೆ ಇನ್ನೊಂದು ಸಂದರ್ಭವಿದೆಯೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಗಾಳಿ ಬಡಿದವರ ಮುಂದೆ ಕೂತು ದೆವ್ವ ಬಿಡಿಸುವವನು ಕೇಳುವುದೂ ಇದನ್ನೇ: ಬಂತೇನು, ಹೋತೇನು. ನಮ್ಮ ಕಡೆ ಮೈಮೇಲೆ ಬರುವ ದೆವ್ವಕ್ಕೆ ದೆವ್ವ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಗಾಳಿ ಎನ್ನುತ್ತಾರೆ. ಗಾಳಿ ಹಿಡಿದದ, ಗಾಳಿ ಬಡದದ, ಗಾಳಿ ಬಿಡಿಸಬೇಕು.

ಇಂಥ ನಾಡಿನಲ್ಲಿ ಚಾಚಾ, ನೆರೆದ ಜನಕ್ಕೆ ವಿಜ್ಞಾನ ತಿಳಿಸಿಕೊಡುತ್ತಿದ್ದ ಬಗೆ ಹೀಗೆ: “ನೋಡ್ರಪ್ಪಾ, ಚಿತ್ರ ಇರೂದು ಡಬ್ಬ್ಯಾಗ ಅಲ್ಲ, ಗಾಳ್ಯಾಗ. ಈ ಕಂಬ ಅದಲ್ಲಾ, ಇದು ಬರೋಬ್ಬರಿ ಗಾಳಿ ಹಿಡೀತದ. ಹಿಡದು ಡಬ್ಬ್ಯಾಗ ಹಾಕ್ತದ.”

ಇಷ್ಟು ಸರಳವಾಗಿ ಹೇಳುವುದು ನನ್ನಿಂದ ಆಗದೆಂದು ನಾನು ಸುಮ್ಮನಿರುತ್ತಿದ್ದೆ. ಒಮ್ಮೆ ಮೇಲಧಿಕಾರಿಗಳ ಮುಂದೆ ಈ ವಿವರಣೆಯನ್ನು ಹೊಗಳಿಯೂ ಇದ್ದೆ.

ಒಂದು ಬೇಸಗೆಯ ಸಂಜೆ ನಾವು ಇಳಿದದ್ದು ಮಾನ್ವಿ ಮತ್ತು ದೇವದುರ್ಗದ ನಡುವಿನ, ಗುಡ್ಡವೊಂದಕ್ಕೆ ಬೆನ್ನು ಕೊಟ್ಟು ಕೂತ ಸಣ್ಣ ಹಳ್ಳಿಯಲ್ಲಿ. ಗುಡ್ಡವೆಂದರೆ ಒಂದರ ಮೇಲೊಂದು ಬಂಡೆ, ಯಾವುದೂ ಬೀಳದೆ, ಯಾವುದೂ ಸರಿಯಾಗಿ ಕೂಡದೆ. ಒಂದೆಲೆ ಅಲುಗದ ಹೊತ್ತು. ಜನ ಮೈದಾನದಲ್ಲಿ ಕೂತಾಗಿತ್ತು. ಜನರೇಟರು ಗುರುಗುಟ್ಟುತ್ತಿತ್ತು. ಚಾಚಾ ಮೇಲೆ, ನಾನು ಕೆಳಗೆ. ಟೀವಿಯ ಪರದೆಯ ಮೇಲೆ ಬರೀ ನುಚ್ಚು.

ತಂತಿ ನೋಡಿದೆ, ಬೂಸ್ಟರಿನ ದೀಪ ನೋಡಿದೆ, ಗುಂಡಿಗಳನ್ನೆಲ್ಲ ತಿರುವಿದೆ. ಟೀವಿಯ ತಲೆಗೆ ಎರಡೇಟು ಹಾಕಿದೆ, ಇದು ಕೈಪಿಡಿಯಲ್ಲಿಲ್ಲದ, ಆದರೆ ಎಲ್ಲ ಕಚೇರಿಗಳೂ ಮಾನ್ಯ ಮಾಡಿದ ಕ್ರಮ. ಕಂಬವನ್ನು ನಾನೂ ಹಿಡಿದು ಅಲುಗಿಸಿದೆ, ಚಾಚಾರೂ ಅಪ್ಪಿ ಹಿಡಿದರು. ಕಡೆಗೊಮ್ಮೆ ನುಚ್ಚಿನೊಳಗಿಂದ ದಿಲ್ಲಿಯ ಸುದ್ದಿ ಓದುವ ಹೆಣ್ಣುಮಗಳು ಒಂದು ಕ್ಷಣ ಎದ್ದಳು. ಪಕ್ಕದಲ್ಲಿ ಅವಳದೇ ನೆರಳು.

ಟೀವಿಯಲ್ಲಿ ನೆರಳು ಬೀಳುವುದು ಹೊಸದೇನಲ್ಲ. ಒಂದು ಅಲೆ ನೇರವಾಗಿ ಬರುತ್ತದೆ, ಇನ್ನೊಂದು ಗುಡ್ಡಕ್ಕೋ ಗೋಡೆಗೋ ಬಡಿದು, ಸುತ್ತು ಹೊಡೆದು ತಡವಾಗಿ ಬರುತ್ತದೆ. ತಡವಾದದ್ದು ಪರದೆಯಲ್ಲಿ ಚಿತ್ರದ ಬಲಕ್ಕೆ ಮಸುಕಾಗಿ ಬೀಳುತ್ತದೆ. ಎಲ್ಲ ಊರಲ್ಲೂ ಬಲಕ್ಕೇ. ಇಲ್ಲಿ ನೆರಳು ಎಡಕ್ಕಿತ್ತು. ಎಂದರೆ ಅವಳ ನೆರಳು ಅವಳಿಗಿಂತ ಮೊದಲೇ ಬಂದು ಕೂತಿತ್ತು. ನಾನು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಇಬ್ಬರೂ ಹೋದರು.

ಆಗ ಒಬ್ಬ ಹೆಂಗಸು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗಾಡಿಯ ಬಾಗಿಲಿಗೆ ಬಂದಳು. ವಯಸ್ಸಾದವಳು, ಕೂಲಿ ಮಾಡಿ ಕಪ್ಪಿಟ್ಟ ಕೈ.

“ಯಪ್ಪಾ, ನಿಮ್ಮ ಮಿಷನ್ನು ಗಾಳಿ ಹಿಡೀತದಂತ, ಖರೇ ಏನ್ರಿ?”

“ಹಿಡೀತದ ಯವ್ವಾ. ಇವತ್ಯಾಕೋ ಹಟ ಮಾಡಾಕತ್ತದ,” ಎಂದೆ.

“ಎಂಥಾ ಗಾಳಿ ಇದ್ರೂ ಹಿಡೀತದೇನ್ರಿ?”

“ಎಂಥಾದಿದ್ರೂ. ದಿಲ್ಲೀದಿದ್ರೂ ಹಿಡೀತದ,” ಎಂದು ನಾನು ಇಲಾಖೆಯ ಪರವಾಗಿ ಭರವಸೆ ಕೊಟ್ಟೆ.

ಅವಳು ಹೋದಳು. ಮರಳಿ ಬಂದಾಗ ಜೊತೆಗೊಬ್ಬ ಎಳೆಯ ಹೆಣ್ಣುಮಗಳಿದ್ದಳು. ಸೊಸೆಯಂತೆ. ತಲೆ ಬಾಚಿಲ್ಲ, ಕಣ್ಣು ನಮ್ಮ ಮೇಲಿಲ್ಲ, ಗುಡ್ಡದ ಮೇಲೆ. ಅತ್ತೆ ತಗ್ಗಿದ ದನಿಯಲ್ಲಿ ಹೇಳಿದಳು.

“ಚೊಚ್ಚಲ ಕೂಸು ಹೋಗಿ ಎರಡು ತಿಂಗಳಾತ್ರಿ ಯಪ್ಪಾ. ಅವತ್ತಿನಿಂದ ಮಾತಿಲ್ಲ, ಕತಿ ಇಲ್ಲ. ಹಳ್ಳದ ದಂಡ್ಯಾಗ ಗಾಳಿ ಬಡದದ ಅಂತಾರ. ನಮ್ಮ ಮನಿಯಾಂವ ಬರೂ ಅಮಾಸಿಗೆ ಗಾಳಿ ಬಿಡಿಸಾಂವನ ಹತ್ರ ಒಯ್ತೀನಿ ಅಂತ ಕುಂತಾನ. ಅಲ್ಲಿ ಗಿಡಕ್ಕ ಕೂದಲ ಕಟ್ಟಿ ಹುಣಸಿ ಛಡೀಲೆ ಹೊಡೀತಾರ್ರಿ. ನಮ್ಮ ಓಣ್ಯಾಕಿ ಒಬ್ಬಾಕಿ ಹೋಗಿದ್ಲು. ಬಂದಮ್ಯಾಲ ಎದ್ದು ನಿಲ್ಲಲೇ ಇಲ್ಲ. ಈ ಕೂಸಂತೂ ತಡ್ಯಂಗಿಲ್ಲ. ನಿಮ್ಮ ಕಂಬ ಹಿಡೀಲ್ರಿ, ನೋವಿಲ್ದಂಗ ಹಿಡೀಲಿ.”

ಆಗ ನನಗೆ ಅರ್ಥವಾಯಿತು. ಈ ಜನ ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತದ್ದು ಸುದ್ದಿ ನೋಡಲಿಕ್ಕಲ್ಲ. ಚಾಚಾ ಗಾಡಿಯ ಮೇಲಿಂದ ಬಂತೇನು ಎಂದು ಕೂಗಿದ್ದನ್ನೂ, ನಾನು ಬಂತು, ಹೋತು ಎಂದು ಒದರಿದ್ದನ್ನೂ ಅವರು ಬೇರೆಯೇ ಕಿವಿಯಲ್ಲಿ ಕೇಳಿದ್ದರು.

ನಾನು ಗಂಟಲು ಸರಿಮಾಡಿಕೊಂಡು, ಸದರಿ ಕಂಬವು ಸರಕಾರಿ ಸ್ವತ್ತೆಂದೂ, ಅದು ಹಿಡಿಯುವ ಗಾಳಿ ಬೇರೆಯೆಂದೂ ಭಾಷಣ ಶುರು ಮಾಡಿದೆ. ಮೇಲಿಂದ ಚಾಚಾ, “ಸಾಹೇಬ್ರ, ಆ ಕೂಸು ಒಂದ್ಸಲ ಕಂಬ ಮುಟ್ಟಿದ್ರ ಸರಕಾರ ಮುಳುಗಂಗಿಲ್ಲ ಬಿಡ್ರಿ,” ಎಂದರು. ನನ್ನ ಭಾಷಣ ಅಲ್ಲಿಗೆ ಮುಗಿಯಿತು.

ಕಂಬ ಇದ್ದದ್ದು ಗಾಡಿಯ ಬೆನ್ನಿಗೆ. ಟೀವಿ ಇದ್ದದ್ದು ಪಕ್ಕದ ಬಾಗಿಲಲ್ಲಿ, ಜನರ ಕಡೆ ಮುಖ ಮಾಡಿ. ಕಂಬದ ಬಳಿ ನಿಂತವರಿಗೆ ಪರದೆ ಕಾಣುವ ಸಾಧ್ಯತೆಯೇ ಇಲ್ಲ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ.

ಅತ್ತೆ ಅವಳನ್ನು ಹಿಂದಕ್ಕೆ ಕರೆದೊಯ್ದು, ಎರಡೂ ಕೈಯನ್ನು ಕಂಬಕ್ಕೆ ಹಚ್ಚಿ, ತಾನು ಪಕ್ಕಕ್ಕೆ ಸರಿದಳು. ಹುಡುಗಿ ಕೆನ್ನೆಯನ್ನೂ ಕಂಬಕ್ಕಿಟ್ಟು ಗುಡ್ಡ ನೋಡುತ್ತ ನಿಂತಳು. ಚಾಚಾ ಮೇಲೆ ಕಂಬ ತಿರುಗಿಸತೊಡಗಿದರು. ನಾನು ಟೀವಿಯ ಮುಂದೆ ಬಂದು ನಿಂತೆ.

“ಬಂತೇನ್ರೀ?”

“ಬಂತು.”

ಹೇಳಿದವನು ನಾನಲ್ಲ. ಪರದೆಯಲ್ಲಿ ಇನ್ನೂ ನುಚ್ಚೇ ಇತ್ತು. ಜನರಲ್ಲಿ ಯಾರೋ ಚೇಷ್ಟೆ ಮಾಡಿದರೆಂದು ತಿರುಗಿ ನೋಡಿದೆ. ಜನ ಗಾಡಿಯ ಹಿಂಬದಿಗೆ ಕತ್ತು ಚಾಚಿದ್ದರು. ನಾನು ಮತ್ತೆ ಪರದೆಗೆ ತಿರುಗುವಷ್ಟರಲ್ಲಿ ಚಿತ್ರ ಬಂತು. ಸೀರೆಯ ಅಂಚಿನ ಬಳ್ಳಿ ಎಣಿಸುವಷ್ಟು ಸ್ವಚ್ಛವಾಗಿ ದಿಲ್ಲಿಯ ಹೆಣ್ಣುಮಗಳು, ಎಡಕ್ಕೆ ಅವಳ ನೆರಳು.

“ಈಗ?” ಎಂದರು ಚಾಚಾ.

“ಹೋತು,” ಎಂದಿತು ಗಾಡಿಯ ಹಿಂದಿನ ದನಿ. ತುಕ್ಕು ಹಿಡಿದ ಚಿಲಕ ಸರಿಸಿದಂಥ ದನಿ.

ಚಿತ್ರ ಹೋಗಿರಲಿಲ್ಲ. ಸುದ್ದಿಯ ಹೆಂಗಸು ಇನ್ನೊಂದು ಮಾತಿಗೆ ಬಾಯಿ ತೆರೆದಳು. ಆಮೇಲೆ ಹೋದಳು.

ಚಾಚಾ ಮೂರ್ನಾಲ್ಕು ಸಲ ತಿರುಗಿಸಿದರು. ಪ್ರತಿ ಸಲವೂ ಮಾತು ಮುಂದೆ, ಚಿತ್ರ ಹಿಂದೆ. ನಾನು ಓದಿದವನು. ಕಾರಣ ಹುಡುಕಿದೆ. ಅವಳು ಕೈ ಬಿಗಿ ಮಾಡಿದರೆ ಚಿತ್ರ ಬರುತ್ತಿರಬೇಕು, ಸಡಿಲಿಸಿದರೆ ಹೋಗುತ್ತಿರಬೇಕು, ಬಿಗಿಯುವುದು ಅವಳಿಗೇ ಮೊದಲು ತಿಳಿಯುತ್ತದಲ್ಲ! ಈ ಸಮಾಧಾನದ ಬಲದಿಂದ ಹಿಂದಕ್ಕೆ ನಡೆದು, “ಯವ್ವಾ, ಸೊಸಿ ಕೈ ಸ್ವಲ್ಪ ತೆಗಸ್ರಿ,” ಎಂದೆ. ಅತ್ತೆ ಕೈ ಬಿಡಿಸಿದಳು. ಹುಡುಗಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಂಬದಿಂದ ದೂರ ಸರಿದು ನಿಂತಳು. ನಾನು ಟೀವಿಯ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದೆ ಅಷ್ಟೆ. ಬೆನ್ನ ಹಿಂದೆ “ಬಂತು,” ಎಂದಳು. ಮೈದಾನದ ತುಂಬ ಕೂತ ಮುಖಗಳ ಮೇಲೆ ಪರದೆಯ ಬೆಳಕು ಬಿತ್ತು.

ಒಬ್ಬ ಮುದುಕ ಪಕ್ಕದವನಿಗೆ, “ಲೇ, ಬೀಡಿ ಆರಸ್ಲೇ,” ಎಂದ, ದೇವರ ಎದುರಿಗೆ ಹೇಳುವಂತೆ.

ಅತ್ತೆ ಸೊಸೆಯ ಎದುರು ನಿಂತು ಅಳುತ್ತಿದ್ದಳು. “ಮಾತಾಡಿದ್ಯಾ ನನ್ನವ್ವಾ, ಮಾತಾಡಿದ್ಯಾ. ಇನ್ನೊಂದು ಮಾತಾಡು. ನೀರು ಬೇಕೇನು?” ಸೊಸೆ ಅವಳನ್ನು ಆಗತಾನೇ ಕಂಡವಳಂತೆ ನೋಡಿ, “ಹೂಂ, ಕೊಡು ಅತ್ತಿ,” ಎಂದಳು. ಎರಡು ತಿಂಗಳ ಮೌನ ಮುರಿದದ್ದು ಒಂದು ಚೆಂಬು ನೀರಿಗೆ.

ಇಷ್ಟರಲ್ಲಿ ಹುಡುಗಿಯ ಮಾವ ಜನರ ನಡುವಿನಿಂದ ಎದ್ದು ಬಂದ. ಕಟ್ಟುಮಸ್ತಾದ ಹಿರಿಯ, ಹೆಗಲ ಮೇಲೆ ಕಂಬಳಿ. ಕೆಟ್ಟವನಂತೆ ಕಾಣಲಿಲ್ಲ, ಹೆದರಿದವನಂತೆ ಕಂಡ.

“ಸಾಹೇಬ್ರ, ನೀವು ಸರಕಾರದ ಮನಷ್ಯಾರು. ಸುಳ್ಳು ಹೇಳಬಾರದು. ಗಾಳಿ ಹಿಡೀತೇನು ನಿಮ್ಮ ಕಂಬ?”

ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಬೆನ್ನು ಗಾಡಿಗೆ ಒರಗಿತ್ತು, ಸರಿಯಾಗಿ ‘ಮೂಢನಂಬಿಕೆ ಬಿಡಿ’ ಎಂಬ ಅಕ್ಷರಗಳ ಮೇಲೆ. ಇಲ್ಲ ಎಂದರೆ ಅದು ವಿಜ್ಞಾನ, ಅಮಾವಾಸ್ಯೆಗೆ ಹುಣಸೆ ಛಡಿ. ನಾನು ಪರದೆ ನೋಡಿದೆ. ಆಂಟೆನಾ ಗಾಳಿಯಲ್ಲಿದ್ದದ್ದನ್ನು ಹಿಡಿದಿತ್ತು, ಅದರಲ್ಲಿ ಸಂಶಯವಿರಲಿಲ್ಲ.

“ಹಿಡೀತ್ರಿ ಯಜಮಾನ್ರ,” ಎಂದೆ. “ಬರೋಬ್ಬರಿ ಹಿಡೀತು.”

ನನ್ನ ನೌಕರಿಯ ಅವಧಿಯಲ್ಲಿ ಇದಕ್ಕಿಂತ ನಿಖರವಾದ ತಾಂತ್ರಿಕ ಹೇಳಿಕೆಯನ್ನು ನಾನು ಕೊಟ್ಟಿಲ್ಲ.

ಮಾವ ಬಹಳ ಹೊತ್ತು ಕಂಬದ ತುದಿ ನೋಡಿದ. “ಹಂಗಾದ್ರ ಅಮಾಸಿ ಮಾತು ಬಿಟ್ಟೆ. ಆದ್ರ ಹಿಡದದ್ದನ್ನ ಇಲ್ಲೇ ಬಿಟ್ಟು ಹೋಗಂಗಿಲ್ಲ ನೀವು. ಕಂಬ ಇಳಸಬ್ಯಾಡ್ರಿ. ಇಳಸಿದ್ರ ಜಾರಿ ಬೀಳ್ತದ. ಹಂಗ ನಿಂತಿದ್ದಂಗ ಹಳ್ಳ ದಾಟಸ್ರಿ. ಮತ್ತ ಈ ಊರಾಗ ಆ ಕಂಬ ಎಬ್ಬಸಬ್ಯಾಡ್ರಿ.”

ಹೀಗೆ ಸಂಚಾರಿ ಜನಶಿಕ್ಷಣ ವಾಹನವು ಕಾರ್ಯಕ್ರಮವನ್ನು ಅರ್ಧಕ್ಕೆ ನಿಲ್ಲಿಸಿ, ಆಂಟೆನಾವನ್ನು ಧ್ವಜದಂತೆ ಎತ್ತಿಕೊಂಡು, ಎತ್ತಿನ ನಡೆಯಲ್ಲಿ ಊರು ಬಿಟ್ಟಿತು. ಊರಿನವರು ಹಳ್ಳದ ಈಚೆಯ ದಂಡೆಯವರೆಗೆ ಹಿಂದೆ ಬಂದು ನಿಂತರು. ಕರೆಂಟಿನ ಕಂಬ ಬಂದಲ್ಲೆಲ್ಲ ನಾನು ಕತ್ತು ಹೊರಹಾಕಿ “ತಿರುವ್ರಿ, ಎಡಕ್ಕ,” ಎನ್ನುತ್ತಿದ್ದೆ. ಹಳ್ಳದ ಆಚೆ ಕತ್ತಲು. ಚಾಚಾ ಹಿಂದೆ ತಿರುಗದೆ ಕೇಳಿದರು.

“ಸಾಹೇಬ್ರ, ಹಿಂದ ಯಾರರ ಕುಂತಾರೇನ್ರಿ?”

“ಯಾರೂ ಇಲ್ರಿ ಚಾಚಾ. ಯಾಕ?”

“ಏನಿಲ್ರಿ. ಗಾಡಿ ಭಾರ ಎಳ್ಯಾಕತ್ತದ.”

“ಕಂಬ ಎತ್ತಿದ್ದಕ್ಕ ಗಾಳಿ ಹಿಡಿಯಾಕತ್ತಿರಬೇಕು,” ಎಂದೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಕಿಟಕಿಯಿಂದ ಕೈ ಹೊರಹಾಕಿದೆ. ಗಾಳಿಯೇ ಇರಲಿಲ್ಲ. ಹೂವಿನ ಪರದೆಗಳು ನೆಟ್ಟಗೆ ಇಳಿಬಿದ್ದಿದ್ದವು.

ಆ ರಾತ್ರಿ ಮಾನ್ವಿಯ ಬಸ್ ನಿಲ್ದಾಣದ ದೀಪದ ಕೆಳಗೆ ಗಾಡಿ ನಿಲ್ಲಿಸಿದೆವು. ಒಳಗಿನ ಹಲಗೆಗಳ ಮೇಲೆ ಯಾರೂ ಮಲಗಲಿಲ್ಲ. ಚಾಚಾ ಸೆಕೆಯ ನೆಪ ಹೇಳಿ ನಿಲ್ದಾಣದ ಬೆಂಚಿಗೆ ಹೋದರು. ನಾನು ಚಾಚಾರಿಗೆ ಜೊತೆಯಿರಲೆಂದು ಹೋದೆ.

ರಾಯಚೂರಿನಲ್ಲಿ ಕಂಬ ಇಳಿಸಿ ವರ್ಕ್‌ಶಾಪಿನ ಇಂಜಿನಿಯರಿಗೆ ಕೊಟ್ಟೆವು. ಆತ ತರುಣ, ಖುಷಿಯ ಮನುಷ್ಯ. ತಂತಿಯನ್ನು ಬಗ್ಗಿಸಿ ನೋಡಿ, “ಇಲ್ಲಿ ನೋಡ್ರಿ, ಮ್ಯಾಲಿನ ಪ್ಲಾಸ್ಟಿಕ್ ಹಂಗೇ ಅದ, ಒಳಗ ತಂತಿ ತುಂಡಾಗ್ಯದ. ಆಡಿದಾಗ ಕೂಡ್ತದ, ಬಿಡ್ತದ,” ಎಂದ.

“ಒಬ್ಬಾಕಿ ಹುಡುಗಿ ಕಂಬ ಹಿಡದ್ರ ಬಂತಲ್ರಿ?” ಎಂದೆ.

“ಮನಷ್ಯಾನ ಮೈ ಅಂದ್ರ ಉಪ್ಪುನೀರಿನ ಚೀಲ. ಅದೂ ಒಂದು ಆಂಟೆನಾನೇ.”

“ನಾನೂ ಹಿಡದಿದ್ದೆ. ಚಾಚಾರೂ ಹಿಡದಿದ್ರು. ಬರಲಿಲ್ಲ.”

“ನೌಕರಿ ಮಾಡಿ ಮಾಡಿ ನಿಮ್ಮ ಉಪ್ಪು ಇಳದಿರಬೇಕು,” ಎಂದು ನಕ್ಕ. ಎಡಗಡೆಯ ನೆರಳಿನ ಸಂಗತಿ ಹೇಳಿದಾಗ ಮಾತ್ರ ನಗು ನಿಲ್ಲಿಸಿ, ಕಾಗದದ ಮೇಲೆ ಗುಡ್ಡ ಬರೆದು ಯೋಚಿಸಿದ. “ನೇರ ಬರೂ ಅಲೀನ ಗುಡ್ಡ ತಡದು ಸೊರಗಿಸ್ಯದ. ಆದ್ರೂ ಅದೇ ಮೊದಲು ಬರ್ತದ. ಬ್ಯಾರೆ ಬಂಡೆಗಲ್ಲಿಗೆ ಬಡದು ತಡಾಗಿ ಬಂದದ್ದು ಜೋರಿದ್ದೀತು. ಅಂದ್ರ ನೀವು ನೆಳ್ಳು ಅಂದದ್ದೇ ಅಸಲು, ಸಾಹೇಬ್ರ. ಅಸಲು ಅಂತ ನೋಡಿದ್ದು ಬಂಡೆಗಲ್ಲಿನಿಂದ ವಾಪಸ್ ಬಂದದ್ದು.”

ಬಹಳ ಚೊಕ್ಕ ವಿವರಣೆ. ಕೇಳಿ ನನಗೆ ಯಾಕೋ ಮೊದಲಿಗಿಂತ ಹೆಚ್ಚು ಚಳಿಯಾಯಿತು. ಕೈ ತೆಗೆದ ಮೇಲೂ ಬಂತು ಎಂದಳಲ್ಲ ಎಂಬುದನ್ನು ಆತನಿಗೆ ಹೇಳಲಿಲ್ಲ. ಅದಕ್ಕೂ ಒಂದು ಚೊಕ್ಕ ವಿವರಣೆ ಬಂದುಬಿಟ್ಟರೆ ಎಂಬ ಹೆದರಿಕೆಯೋ, ಬರದಿದ್ದರೆ ಎಂಬ ಹೆದರಿಕೆಯೋ, ಈಗಲೂ ಗೊತ್ತಿಲ್ಲ. ಹೊಸ ತಂತಿ ಹಾಕಿಸಿದೆವು. ಹಳೆಯದನ್ನು ಚಾಚಾ ಸ್ಟೋರ್ ರೂಮಿನ ಮೂಲೆಯಲ್ಲಿ ಸುತ್ತಿಟ್ಟು, ಮೇಲೊಂದು ನಿಂಬೆಹಣ್ಣು ಇಟ್ಟರು. ದಾಸ್ತಾನಿನ ಲೆಕ್ಕದಲ್ಲಿ ನಿಂಬೆಹಣ್ಣು ನಮೂದಾಗಲಿಲ್ಲ.

ಮಳೆಗಾಲ ಮುಗಿದ ಮೇಲೆ ದೇವದುರ್ಗದ ಸಂತೆಯ ದಿನ ಅಲ್ಲಿ ಗಾಡಿ ನಿಲ್ಲಿಸಿದ್ದೆವು. ಸಂತೆ ಕರಗುವ ಹೊತ್ತು. “ಯಪ್ಪಾ, ಆರಾಮೇನ್ರಿ?” ಎಂಬ ದನಿಗೆ ತಿರುಗಿದರೆ ಅತ್ತೆ, ತಲೆಯ ಮೇಲೆ ಬುಟ್ಟಿ. ಹಿಂದೆ ಸೊಸೆ. ತಲೆ ಬಾಚಿ ಹೂವು ಮುಡಿದಿದ್ದಳು, ಕೈಯಲ್ಲಿ ಮೆಣಸಿನಕಾಯಿ ಗಂಟು. ಬಳೆಯವನ ಹತ್ತಿರ ಜಗಳವಾಡಿ ಬಂದ ಸುದ್ದಿಯನ್ನು ಅತ್ತೆಗೆ ಮತ್ತೊಮ್ಮೆ ಹೇಳುತ್ತಿದ್ದಳು.

“ಈಗ ಬಾಯಿ ಮುಚ್ಚೂದೇ ಇಲ್ರಿ ಇಕಿ,” ಎಂದಳು ಅತ್ತೆ, ಹಿಗ್ಗಿನಿಂದ. ಆಮೇಲೆ ದನಿ ತಗ್ಗಿಸಿ, “ಅದು ಈಗ ಎಲ್ಲಿ ಅದ್ರಿ?”

“ರಾಯಚೂರಾಗ ಅದ ಯವ್ವಾ. ಸ್ಟೋರ್ ರೂಮಿನ್ಯಾಗ. ಕೀಲಿ ಹಾಕೀವಿ.”

“ಭದ್ರ ಇಡ್ರಿ ಯಪ್ಪಾ. ಪಾಪ, ಅದಕ್ಕೂ ಯಾರಿಲ್ಲ,” ಎಂದಳು.

ಚಾಚಾ ಅಷ್ಟರಲ್ಲಿ ಗಾಡಿಯ ಮೇಲೇರಿ ಕಂಬ ಎಬ್ಬಿಸಿದ್ದರು. ಅತ್ತೆ ಸೊಸೆಯ ತೋಳು ಹಿಡಿದು, ರಸ್ತೆಯ ಆಚೆ ಬೇವಿನ ಮರದ ಕೆಳಗೆ ಹೋಗಿ ನಿಂತಳು. ಅಲ್ಲಿಂದ ಪರದೆ ಕಾಣದು. ಹೊಸ ತಂತಿ, ಹೊಸ ಕೀಲು. ಕೆಡುವುದಕ್ಕೆ ಕಾರಣವೇ ಇರಲಿಲ್ಲ.

“ಬಂತೇನ್ರೀ?” ಎಂದು ಮೇಲಿಂದ ಚಾಚಾ ಕೂಗಿದರು.

ನಾನು ಟೀವಿಯ ಮುಂದೆಯೇ ನಿಂತಿದ್ದೆ. ಆದರೂ ಕಣ್ಣು ತಾನಾಗಿ ರಸ್ತೆಯ ಆಚೆ ಹೋಯಿತು. ಹುಡುಗಿ ಬಳೆಯವನ ಸುದ್ದಿಯನ್ನು ಅರ್ಧಕ್ಕೆ ನಿಲ್ಲಿಸಿ, ನನ್ನನ್ನು ನೋಡಿ, ಸಣ್ಣಗೆ ತಲೆಯಾಡಿಸಿದಳು, ಇಲ್ಲವೆಂದು.

“ಇಲ್ರಿ ಚಾಚಾ,” ಎಂದೆ. ಆಮೇಲೆ ಪರದೆಯ ಕಡೆ ತಿರುಗಿದೆ.